ಆಕಾಶದ ತಕ್ಕಡಿಯೂ ಊರಿನ ಕೆರೆಯೂ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರಿಗಿರುವ ಐದನೆಯ ಶತಮಾನದ ಸ್ತಂಭಶಾಸನವು ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ದಾಖಲಿಸಿದೆ. ನೀರಿನ ವಿಷಯ ಕಲ್ಲಿನಲ್ಲಿ ಬರೆದಿಡಲು ಯೋಗ್ಯವಾದುದೆಂದು ಬಗೆದ ಕಾಲವದು. ಇಂದು ಭೂಮಿಯ ನೀರಿನ ಲೆಕ್ಕವನ್ನು ಉಪಗ್ರಹಗಳು ಬರೆದಿಡುತ್ತಿವೆ.

ಅಮೆರಿಕ ಮತ್ತು ಜರ್ಮನಿ ಜೊತೆಗೂಡಿ 2002ರಲ್ಲಿ ಹಾರಿಸಿದ ‘ಗ್ರೇಸ್’ ಎಂಬ ಅವಳಿ ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಭೂಮಿಯನ್ನು ಸುತ್ತಿದವು. ಕೆಳಗಿನ ನೆಲದಲ್ಲಿ ನೀರು ಹೆಚ್ಚಿದರೆ ಅಲ್ಲಿನ ಗುರುತ್ವಾಕರ್ಷಣೆಯೂ ಕೊಂಚ ಹೆಚ್ಚುತ್ತದೆ. ಉಪಗ್ರಹಗಳ ನಡುವಿನ ಅಂತರ ಕೂದಲೆಳೆಗಿಂತ ಸೂಕ್ಷ್ಮವಾಗಿ ಬದಲಾಗುತ್ತದೆ. ಆ ಬದಲಾವಣೆಯಿಂದಲೇ ನೀರಿನ ತೂಕವನ್ನು ಕಂಡುಹಿಡಿಯಬಹುದು. 2018ರಿಂದ ಇವುಗಳ ಉತ್ತರಾಧಿಕಾರಿ ಜೋಡಿ ಈ ಕೆಲಸವನ್ನು ಮುಂದುವರಿಸಿದೆ.

ಈ ತಕ್ಕಡಿ ಹೇಳಿದ ಸತ್ಯ ಕಹಿಯಾದುದು. ರಾಜಸ್ತಾನ, ಪಂಜಾಬ್, ಹರಿಯಾಣಗಳು 2002ರಿಂದ 2008ರ ನಡುವೆ 109 ಘನ ಕಿ.ಮೀ. ಅಂತರ್ಜಲವನ್ನು ಕಳೆದುಕೊಂಡವೆಂದು 2009ರ ಅಧ್ಯಯನ ತಿಳಿಸಿತು. ನೆರೆಯ ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯವನ್ನು ಸುಮಾರು 25 ಬಾರಿ ತುಂಬಿಸಬಲ್ಲ ನೀರದು. ಹೀಗೆ ಮೇಲೆತ್ತಿದ ನೀರಿನಲ್ಲಿ ಬಹುಪಾಲು ಕೊನೆಗೆ ಸೇರುವುದು ಕಡಲನ್ನು. ಸಮುದ್ರಮಟ್ಟ ಏರುವುದಕ್ಕೆ ಕರಗುವ ಹಿಮವಷ್ಟೇ ಅಲ್ಲ, ನಮ್ಮ ಕೊಳವೆಬಾವಿಗಳೂ ಕೊಂಚ ಕಾರಣ. 2011ರ ಸುಮಾರಿಗೆ ಭಾರಿ ಮಳೆಯ ನೀರು ಆಸ್ಟ್ರೇಲಿಯಾ ಮೊದಲಾದ ನೆಲಗಳಲ್ಲಿ ತಂಗಿದಾಗ ಜಗತ್ತಿನ ಸಮುದ್ರಮಟ್ಟವೇ ತುಸು ಇಳಿದದ್ದೂ ದಾಖಲಾಗಿದೆ. ನೆಲದ ನೀರೂ ಕಡಲ ನೀರೂ ಒಂದೇ ಖಾತೆಯವು.

ಈ ಖಾತೆಯನ್ನು ಓದುವವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬ್ರಹ್ಮದತ್ತ ವಿಶ್ವಕರ್ಮ ಒಬ್ಬರು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಂಶೋಧನೆ ನಡೆಸಿದ ಅವರು, ಉಪಗ್ರಹದ ಮಾಹಿತಿಯನ್ನು ಸೋಸುವಾಗ ನದೀಕಣಿವೆಗಳ ಲೆಕ್ಕದಲ್ಲಿ ಉಂಟಾಗುವ ನಷ್ಟವನ್ನು ಸರಿಪಡಿಸುವ ವಿಧಾನವನ್ನು ರೂಪಿಸಿದವರು. ಅಂಥ ವಿಧಾನಗಳ ಅಗತ್ಯವೇ ಈ ತಕ್ಕಡಿಯ ಮಿತಿಯನ್ನು ಸೂಚಿಸುತ್ತದೆ. ಅದು ಸ್ಪಷ್ಟವಾಗಿ ತೂಗಬಲ್ಲದ್ದು ಸುಮಾರು 300 ಕಿ.ಮೀ. ಅಗಲದ ಪ್ರದೇಶವನ್ನು. ಇಡೀ ಶಿವಮೊಗ್ಗ ಜಿಲ್ಲೆಯೇ ಅದರಲ್ಲೊಂದು ಮೂಲೆ. 2022ರಲ್ಲಿ ಹಾರಿದ ‘ಸ್ವಾಟ್’ ಉಪಗ್ರಹ ಕೆರೆಗಳ ನೀರಿನ ಮಟ್ಟವನ್ನೇ ಅಳೆಯುತ್ತದೆ, ಆದರೆ ಅದರ ಗುರಿ ಸುಮಾರು 15 ಎಕರೆಗಿಂತ ದೊಡ್ಡ ಕೆರೆಗಳು. ಸೊರಬದ ಹಳ್ಳಿಗಳ ಸಣ್ಣ ಕೆರೆಕಟ್ಟೆಗಳು ಅದರ ಕಣ್ತಪ್ಪಿಸುತ್ತವೆ.

ವರದಾ, ದಂಡಾವತಿ, ಕುಮುದ್ವತಿಗಳು ಹರಿಯುವ ಈ ಸೀಮೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಆದರೂ ಕೆರೆ ತುಂಬಿಸಲು ಶಿಕಾರಿಪುರದಲ್ಲಿ ಉಡುಗಣಿ–ತಾಳಗುಂದ–ಹೊಸೂರು, ಸೊರಬದಲ್ಲಿ ಮೂಡಿ ಏತ ನೀರಾವರಿ ಯೋಜನೆಗಳು ಬರಬೇಕಾಯಿತು. ಸಾರ್ವಜನಿಕ ಹಣ ಹಾಗೂ ವಿದ್ಯುತ್ ವ್ಯಯಿಸಿ ಮೇಲೆತ್ತಿದ ನೀರಿನಲ್ಲಿ ಎಷ್ಟು ಇಂಗಿತು, ಎಷ್ಟು ಆವಿಯಾಯಿತು, ಎಷ್ಟನ್ನು ಸುತ್ತಲಿನ ಕೊಳವೆಬಾವಿಗಳು ಮತ್ತೆ ಹೀರಿದವು? ಈ ಪ್ರಶ್ನೆಗೆ ಆಕಾಶದಿಂದ ಉತ್ತರ ದೊರೆಯದು.

ಅದಕ್ಕೆ ಬೇಕಾದುದು ದೊಡ್ಡ ಯಂತ್ರವಲ್ಲ. ತೂಬಿನ ಬಳಿ ಒಂದು ಅಳತೆಪಟ್ಟಿ, ಊರಿಗೊಂದು ಮಳೆಮಾಪಕ, ನಾಲ್ಕಾರು ಬಾವಿಗಳ ನೀರಿನ ಮಟ್ಟ, ವಾರಕ್ಕೊಮ್ಮೆ ಅದನ್ನು ಬರೆದಿಡುವ ಒಬ್ಬ ವ್ಯಕ್ತಿ. ಆ ಅಂಕಿಅಂಶ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಆಗ ಊರಿನವರು ಎಷ್ಟು ಎಕರೆ ಬೇಸಿಗೆ ಬೆಳೆ ಇಡಬಹುದೆಂದು ಮೊದಲೇ ನಿರ್ಧರಿಸಬಹುದು. ವಿಜ್ಞಾನಿಗಳಿಗೂ ಉಪಗ್ರಹದ ಲೆಕ್ಕವನ್ನು ತಾಳೆ ನೋಡಲು ನೆಲದ ಆಧಾರ ಸಿಗುತ್ತದೆ.

ಕೆರೆ ಕಟ್ಟಿಸಿದ್ದನ್ನು ಕಲ್ಲಿನಲ್ಲಿ ಕೊರೆಸಿದ ನಾಡು ನಮ್ಮದು. ಕೆರೆಯಲ್ಲಿ ಉಳಿದಿರುವ ನೀರನ್ನು ಕಾಗದದಲ್ಲಾದರೂ ಬರೆದಿಡುವುದು ಕಷ್ಟವಾಗಬಾರದು.