ಜಗಲಿಯೇ ಆಟದ ಅಂಗಳವಾದಾಗ

ಹೋಳಿ ಹುಣ್ಣಿಮೆಯ ಸಮಯದ ರಾತ್ರಿಗಳಲ್ಲಿ ಶಿರಸಿಯ ಬೀದಿಯಲ್ಲಿ ನಿಂತು ನೋಡಿದವರಿಗೆ ಬೇಡರ ವೇಷವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ, ಅಂದರೆ ಎರಡು ವರ್ಷಕ್ಕೊಮ್ಮೆ, ತಮಟೆಯ ಬಡಿತದೊಡನೆ ಆ ವೇಷ ಹೊರಡುತ್ತದೆ. ಬೆನ್ನಿಗೆ ನವಿಲುಗರಿಯ ಹರವು, ಕೈಯಲ್ಲಿ ಕತ್ತಿ ಗುರಾಣಿ, ಮುಖದಲ್ಲಿ ರೌದ್ರ. ಸೋಂದೆಯ ಅರಸರ ಕಾಲದಲ್ಲಿ ಊರು ಕಾಯಲು ನೇಮಕಗೊಂಡು ಕೊನೆಗೆ ಊರಿಗೇ ಕಂಟಕನಾದ ಬೇಡನೊಬ್ಬನ ಕಥೆ ಇದರ ಹಿಂದಿದೆಯೆಂದು ಹಿರಿಯರು ಹೇಳುತ್ತಾರೆ. ಆತ ಅಬ್ಬರಿಸಿ ಮುನ್ನುಗ್ಗಿದೊಡನೆ ಜನ ಹಿಂದಕ್ಕೆ ಓಡುತ್ತಾರೆ. ಆತ ಹಿಂಜರಿದರೆ ಮತ್ತೆ ಮುಂದೆ ಬರುತ್ತಾರೆ. ಅಲ್ಲಿ ರಂಗಸ್ಥಳ ಬೇರೆ, ಪ್ರೇಕ್ಷಕರ ಸ್ಥಳ ಬೇರೆ ಎಂಬುದಿಲ್ಲ. ವೇಷಧಾರಿಯ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮಾತ್ರ ಹಿಂದಿನಿಂದ ಇಬ್ಬರು ಭದ್ರವಾಗಿ ಹಿಡಿದಿರುತ್ತಾರೆ. ಓಡುವವರ ಎದೆಯಲ್ಲಿ ಭಯ ನಿಜ, ಅಪಾಯ ಮಾತ್ರ ಇಲ್ಲ.

ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಇಡೀ ಕೋಣೆಯನ್ನೇ ಆಟದ ಬಯಲಾಗಿಸುವ ಹೊಸ ಬಗೆಯ ಕಂಪ್ಯೂಟರ್ ಆಟಗಳು ಈಗ ನಗರಗಳಲ್ಲಿ ಕಾಣಸಿಗುತ್ತಿವೆ. ಕೈಯಲ್ಲಿ ಗುಂಡಿಯಿಲ್ಲ, ಕಣ್ಣೆದುರು ಪುಟ್ಟ ಪರದೆಯಿಲ್ಲ. ಪ್ರೊಜೆಕ್ಟರು ನೆಲದ ಮೇಲೋ ಗೋಡೆಯ ಮೇಲೋ ಚಿತ್ರ ಬೀರುತ್ತದೆ; ಕ್ಯಾಮೆರಾ ಆಡುವವರ ಚಲನವಲನವನ್ನು ಗಮನಿಸುತ್ತದೆ; ಹೆಜ್ಜೆ ಇಟ್ಟಲ್ಲಿ ಚಿತ್ರ ಬದಲಾಗುತ್ತದೆ. ಇಂಥ ಆಟವನ್ನು ರೂಪಿಸುವವನ ಮುಂದಿರುವ ಮೊದಲ ಪ್ರಶ್ನೆ ಯಂತ್ರದ್ದಲ್ಲ, ಆ ಹಗ್ಗದ್ದು. ಆಡುವವನು ಮೈಮರೆಯಬೇಕು, ಆದರೆ ಕಂಬಕ್ಕೆ ತಲೆ ಬಡಿಸಿಕೊಳ್ಳಬಾರದು.

ಈ ಕಲೆ ಅಷ್ಟೇನೂ ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೈರನ್ ಕ್ರೂಗರ್ ಎಂಬವರು 1971ರಲ್ಲೇ ಹೆಜ್ಜೆಯ ಭಾರವನ್ನು ಅರಿಯುವ ನೆಲವೊಂದನ್ನು ಸಿದ್ಧಪಡಿಸಿದರು. ಎದುರಿನ ಪರದೆಯ ಮೇಲೊಂದು ಸಿಕ್ಕುದಾರಿ. ಕೋಣೆಯಲ್ಲಿ ನಡೆದಂತೆಲ್ಲ ಪರದೆಯ ಗುರುತೂ ಆ ದಾರಿಯಲ್ಲಿ ನಡೆಯುತ್ತಿತ್ತು. ಗೋಡೆಗಳು ಬರಿಯ ಚಿತ್ರಗಳಷ್ಟೇ ಎಂದು ಯಾರಾದರೂ ಅಡ್ಡಹಾಯಲು ಹೋದರೆ ಒಮ್ಮೆ ಗೋಡೆ ರಬ್ಬರಿನಂತೆ ಹಿಗ್ಗುತ್ತಿತ್ತು, ಇನ್ನೊಮ್ಮೆ ಸಿಕ್ಕುದಾರಿಯೇ ಜರುಗಿಬಿಡುತ್ತಿತ್ತು. ಮೋಸವನ್ನೂ ಆಟದೊಳಗೆ ಸೇರಿಸಿಕೊಂಡ ಆ ಜಾಣ್ಮೆಯನ್ನು ನಾನು ಇಂದಿನ ಎಷ್ಟೋ ಆಟಗಳಲ್ಲಿ ಕಂಡಿಲ್ಲ. ಮುಂದೆ ಅವರು ‘ವಿಡಿಯೋಪ್ಲೇಸ್’ನಲ್ಲಿ ಆಡುವವರ ನೆರಳನ್ನೇ ಪರದೆಗೆ ತಂದರು. ಪುಟ್ಟ ಜೀವಿಯೊಂದು ಆ ನೆರಳಿನ ತೋಳು ಹತ್ತಿ, ತಲೆಯೇರಿ ಕುಣಿಯುತ್ತಿತ್ತು. ತೊಗಲುಗೊಂಬೆಯಾಟದ ನಾಡಿನವರಾದ ನಮಗೆ ಇದು ಅಪರಿಚಿತವೆನಿಸದು.

ಮನೆಮನೆಗೆ ಇದು ತಲುಪಿದ್ದು ಮೈಕ್ರೋಸಾಫ್ಟ್ ಸಂಸ್ಥೆಯ ಕಿನೆಕ್ಟ್ ಮೂಲಕ. 2010ರ ನವೆಂಬರಿನಲ್ಲಿ ಬಂದ ಆ ಸಾಧನ 60 ದಿನಗಳಲ್ಲಿ 80 ಲಕ್ಷದಷ್ಟು ಮಾರಾಟವಾಯಿತು. ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಚುಕ್ಕಿಗಳನ್ನು ಅದು ಕೋಣೆಯ ತುಂಬ ಚೆಲ್ಲುತ್ತದೆ. ಚುಕ್ಕಿಗಳ ಸ್ಥಾನಪಲ್ಲಟದಿಂದ ಯಾವ ವಸ್ತು ಎಷ್ಟು ದೂರದಲ್ಲಿದೆ ಎಂದು ಲೆಕ್ಕಹಾಕುತ್ತದೆ. ಆಡುವವರ ದೇಹದ 20 ಕೀಲುಗಳನ್ನು ಗುರುತಿಸುತ್ತದೆ. 2017ರಲ್ಲಿ ಅದರ ತಯಾರಿಕೆ ನಿಂತಿತು. ಈಗ ಸಾಧಾರಣ ವೆಬ್ ಕ್ಯಾಮೆರಾದ ಚಿತ್ರದಿಂದಲೇ ಕೀಲುಗಳನ್ನು ಗುರುತಿಸುವ ಗೂಗಲ್‌ನ ಮೀಡಿಯಾಪೈಪ್‌ನಂಥ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಿಗೆ ಇದರಿಂದೇನು ಪ್ರಯೋಜನವೆಂದು ಓದುಗ ಬಂಧುಗಳು ಕೇಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಯ್ಯುವ ಈ ಸೀಮೆಯಲ್ಲಿ ಅಂಗಳದ ಆಟಕ್ಕೆ ಅವಕಾಶವಿಲ್ಲ. ದುಡಿಯುವ ಮಕ್ಕಳು ಬೆಂಗಳೂರು ಸೇರಿ, ವಿಶಾಲವಾದ ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವುದು ಎಷ್ಟೋ ಊರುಗಳ ಸ್ಥಿತಿ. ರಜೆಗೆಂದು ಮೊಮ್ಮಕ್ಕಳು ಬಂದರೂ ಒಂದೊಂದು ಮೂಲೆ ಹಿಡಿದು ಮೊಬೈಲಿನಲ್ಲಿ ಮುಳುಗುತ್ತಾರೆ. ಅಜ್ಜಿ ಆ ಪುಟ್ಟ ಪರದೆಯೊಳಗೆ ಇಣುಕಲಾರಳು. ಆದರೆ ಜಗಲಿಯ ನೆಲದ ಮೇಲೆ ಮೂಡಿದ ಆಟವನ್ನು ಮನೆಯವರೆಲ್ಲ ಒಟ್ಟಿಗೆ ನೋಡಬಹುದು, ಆಡಲೂಬಹುದು.

ಕುಂಟೆಬಿಲ್ಲೆಯನ್ನೇ ತೆಗೆದುಕೊಳ್ಳೋಣ. ನೆಲದ ಮೇಲೆ ಮನೆಗಳನ್ನು ಗೀಚಿ, ಬಿಲ್ಲೆ ಎಸೆದು, ಒಂಟಿಕಾಲಲ್ಲಿ ಕುಪ್ಪಳಿಸುವ ಈ ಆಟಕ್ಕೆ ಕೋಣೆಯಷ್ಟೇ ಜಾಗ ಸಾಕು, ನಿಯಮ ಎಲ್ಲರಿಗೂ ಗೊತ್ತು. ಇದನ್ನು ಬೆಳಕಿನಲ್ಲಿ ರೂಪಿಸಲು ಹೊರಟರೆ ನಮ್ಮ ಮನೆಗಳೇ ಒಂದೊಂದಾಗಿ ಪಾಠ ಹೇಳುತ್ತವೆ. ಪ್ರೊಜೆಕ್ಟರನ್ನು ಎದುರಿಗಿಟ್ಟರೆ ಆಡುವವರ ನೆರಳೇ ಮನೆಗಳನ್ನು ನುಂಗುತ್ತದೆ. ಮೇಲಿನ ತೊಲೆಗೆ ಕಟ್ಟಿದರೆ ನೆರಳು ಕಾಲ ಬುಡದಲ್ಲೇ ಉಳಿಯುತ್ತದೆ. ನುಣುಪಾದ ಕೆಂಪು ಗಾರೆಯ ನೆಲ ಬೆಳಕನ್ನು ಹೀರುತ್ತದೆ, ಬಿಳಿ ಪಂಚೆ ಹಾಸಿದರೆ ಜಾರುತ್ತದೆ. ಆದ್ದರಿಂದ ಗೆರೆಗಳು ದಪ್ಪವಾಗಿ, ಬಣ್ಣ ಉಜ್ವಲವಾಗಿರಬೇಕು. ಕಿಟಕಿಯಿಂದ ಬಿಸಿಲು ಬಿದ್ದರೆ ಅವಗೆಂಪು ಚುಕ್ಕಿಗಳು ಅದರಲ್ಲಿ ಕರಗಿಹೋಗುತ್ತವೆ. ಮಳೆಗಾಲದ ಮಬ್ಬು ಇದಕ್ಕೆ ಅನುಕೂಲವೇ ಸರಿ. ಹೆಜ್ಜೆಗೂ ಚಿತ್ರದ ಬದಲಾವಣೆಗೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಮಗು ಕೂಡ ಅದನ್ನು ಅರಿತುಬಿಡುತ್ತದೆ.

ಎಲ್ಲಕ್ಕಿಂತ ಬಿಗಿಯಾದ ಗಂಟು ಅಜ್ಜಿಯ ಸೀರೆ. ಕೀಲು ಗುರುತಿಸುವ ಕ್ಯಾಮೆರಾಗಳಿಗೆ ನೆರಿಗೆಯ ಸಡಿಲ ಉಡುಪಿನೊಳಗೆ ಮೊಣಕಾಲೆಲ್ಲಿದೆ ಎಂದು ತಿಳಿಯುವುದು ಕಷ್ಟ. ಅಲ್ಲದೆ ಆಕೆ ಒಂಟಿಕಾಲಲ್ಲಿ ಕುಪ್ಪಳಿಸುವುದೂ ಬೇಡ. ಬಿಲ್ಲೆ ಎಲ್ಲಿ ಬೀಳಬೇಕೆಂದು ಕೈಯೆತ್ತಿ ತೋರಿಸುವ ಅಧಿಕಾರವನ್ನು ಆಕೆಗೆ ಕೊಟ್ಟರೆ? ಕುರ್ಚಿಯಲ್ಲಿ ಕುಳಿತೇ ಆಕೆ ಮೊಮ್ಮಗನನ್ನು ಕುಣಿಸಬಲ್ಲಳು. ಕೈಯನ್ನು ಕ್ಯಾಮೆರಾ ಸುಲಭವಾಗಿ ಗುರುತಿಸುತ್ತದೆ. ಆಟದ ಹಗ್ಗವನ್ನು ಹಿಡಿದವಳು ಆಗ ಅಜ್ಜಿಯೇ.

ಇದನ್ನೆಲ್ಲ ಕಟ್ಟಬಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದು ನಮ್ಮ ಮನೆಗಳಲ್ಲಿದ್ದಾರೆ. ಅವರು ಮೊದಲು ಊರಿಗೆ ಬಂದು, ಜಗಲಿಯನ್ನು ಅಳೆದು, ಅಜ್ಜಿಯ ಕೈ ಎಷ್ಟೆತ್ತರಕ್ಕೆ ಏಳುತ್ತದೆ ಎಂದು ನೋಡಲಿ. ಇನ್ನೊಂದು ಮಾತು: ಮಳೆಗಾಲದಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುವುದೋ ಹೇಳಲಾಗದು. ಪ್ರೊಜೆಕ್ಟರಿನ ಗೆರೆಗಳ ಮೇಲೆಯೇ ಸೀಮೆಸುಣ್ಣದಿಂದಲೂ ಒಮ್ಮೆ ಗೆರೆ ಎಳೆದಿಟ್ಟರೆ, ದೀಪ ಹಚ್ಚಿಟ್ಟು ಆಟವನ್ನು ನಿಂತಲ್ಲಿಂದಲೇ ಮುಂದುವರಿಸಬಹುದು.