ಸಾಗವಾನಿ ಕಾಡಿನ ಅಂಚಿನ ಓಟ

ಹಾವೇರಿಯಿಂದ ಶಿರಸಿಗೆ ಹೋಗುವ ರಸ್ತೆ ಅಕ್ಕಿಆಲೂರು ದಾಟಿದ ಮೇಲೆ ನಿಧಾನಕ್ಕೆ ಮೈ ಬದಲಿಸುತ್ತದೆ. ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋದವರಿಗೆ ಇದು ತಿಳಿಯದು; ಓಡುವವರ ಕಾಲಿಗೆ ತಿಳಿಯುತ್ತದೆ. ಮೊದಲು ಗೋವಿನಜೋಳದ ಹೊಲ, ಭತ್ತದ ಗದ್ದೆ, ಮಾವಿನ ತೋಪು, ಈಚೆಗೆ ಹೆಚ್ಚುತ್ತಿರುವ ಅಡಿಕೆ ತೋಟ. ಸಮ್ಮಸಗಿ ಕಡೆ ಸಾಗಿದಂತೆ ಗಾಳಿಯಲ್ಲಿ ಎಲೆ ಕೊಳೆತ ಸಿಹಿ ವಾಸನೆ ಸೇರಿಕೊಳ್ಳುತ್ತದೆ. ಮಣ್ಣು ಕೆಂಪೇರುತ್ತದೆ. ರಸ್ತೆ ಸಣ್ಣಗೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಎಕ್ಕಂಬಿಯ ದಿಕ್ಕಿಗೆ ಇನ್ನಷ್ಟು ಹೋದರೆ ಎರಡೂ ಬದಿಗೆ ಸಾಗವಾನಿ ಸಾಲು. ಬಯಲುಸೀಮೆ ತನ್ನ ಹೊಲಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟು ಉತ್ತರ ಕನ್ನಡದ ಎಲೆಯುದುರುವ ಕಾಡಿಗೆ ದಾರಿ ಮಾಡಿರುತ್ತದೆ.

ಹಿಂದೆ ಧಾರವಾಡ ಸೀಮೆಯ ಅರಳೆಯನ್ನು ಹೊತ್ತ ಚಕ್ಕಡಿಗಳು ಕುಮಟಾ ಬಂದರಿಗೆ ಇಳಿಯುತ್ತಿದ್ದದ್ದು ಈ ಕಾಡುಗಳನ್ನು ಹಾಯ್ದೇ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಅರಳೆ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಸೀಮೆಯ ಅರಳೆಗೆ ಬೆಲೆ ಬಂತು, ಘಟ್ಟದ ದಾರಿಗಳಿಗೂ ಬೆಲೆ ಬಂತು. ಆ ಕಾಲದಲ್ಲಿ ಕಾಡಿನ ನಡುವೆ ಓಡುವುದೇ ಕಸುಬಾಗಿದ್ದವರೂ ಇದ್ದರು. ಅವರು ಟಪಾಲು ಹೊರುವವರು. ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಆ ಗೆಜ್ಜೆಯ ಸದ್ದು ‘ನಾನು ಬರುತ್ತಿದ್ದೇನೆ’ ಎಂದು ಕಾಡಿಗೆ ಮುಂಚಿತವಾಗಿ ಹೇಳುತ್ತಿತ್ತು. ಇಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವವರು ಆ ಗೆಜ್ಜೆಯನ್ನು ನೆನೆಯಬೇಕು.

ಇಲ್ಲಿ ನಸುಕಿನಲ್ಲಿ ಓಡುವವರಲ್ಲಿ ಹೆಚ್ಚಿನವರು ಹಳ್ಳಿಯ ಹುಡುಗರು. ಕೆಲವರು ಪೊಲೀಸ್ ಭರ್ತಿಗೆ, ಕೆಲವರು ಸೇನೆಗೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹುಡುಗಿಯಾದರೆ 400 ಮೀಟರಿಗೆ ಎರಡು ನಿಮಿಷ. ಆರೂವರೆ ನಿಮಿಷದ ಹಿಂದೆ ಒಂದು ಮನೆಯ ಸಾಲ, ತಂಗಿಯ ಮದುವೆ, ಮಳೆ ಕೈಕೊಟ್ಟ ಹೊಲ ಇರುತ್ತವೆ. ಊರೂರಿಗೆ ಟ್ರ್ಯಾಕ್ ಎಲ್ಲಿದೆ? ಶಾಲೆಯ ಮೈದಾನ ಚಿಕ್ಕದು, ಡಾಂಬರು ಮಂಡಿಗೆ ಪೆಟ್ಟು. ಹೀಗಾಗಿ ಕೆರೆ ಏರಿ, ಕಾಲುವೆ ದಂಡೆ, ಕೊನೆಗೆ ಕಾಡಿನ ಅಂಚಿನ ಮಣ್ಣುದಾರಿ ಇವರ ಮೈದಾನವಾಗುತ್ತದೆ. ಮಳಗಿಯ ಧರ್ಮಾ ಜಲಾಶಯದಿಂದ ಹಾನಗಲ್ಲ ತಾಲೂಕಿಗೆ ನೀರು ತರುವ ಕಾಲುವೆಗಳ ದಂಡೆ ಓಟಕ್ಕೆ ಹೇಳಿ ಮಾಡಿಸಿದಂತಿದೆ: ಮೆತ್ತಗಿನ ಮಣ್ಣು, ಕಣ್ಣಿಗೆ ಕಾಣುವಷ್ಟು ದೂರ ನೇರ ದಾರಿ, ಪಕ್ಕದಲ್ಲಿ ನೀರಿನ ತಂಪು.

ಆದರೂ ಕಾಡು ಕರೆಯುತ್ತದೆ. ಆ ಕರೆ ಋತುವಿಗೊಂದು ಬಗೆ.

ಜನವರಿ ಹೊತ್ತಿಗೆ ಸಾಗವಾನಿ ಎಲೆ ಉದುರಿಸತೊಡಗುತ್ತದೆ. ಊಟದ ತಟ್ಟೆಯಷ್ಟು ದೊಡ್ಡ ಎಲೆಗಳು. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ನೂರು ಮಾರು ದೂರದಲ್ಲಿ ಕಾಡುಕೋಳಿ ಕೆದಕಿದರೂ ಕೇಳಿಸುತ್ತದೆ, ನಾವು ಓಡಿದ್ದಂತೂ ಇಡೀ ಕಾಡಿಗೆ ಕೇಳಿಸುತ್ತದೆ. ಮಳೆ ನಿಂತ ಮೇಲೆ ಇರುವ ನೀರನ್ನು ಉಳಿಸಿಕೊಳ್ಳಲು ಮರ ಎಲೆ ಬಿಡುತ್ತದೆ. ಬೋಳಾದ ಕೊಂಬೆಗಳ ನಡುವೆ ಒಂದೊಂದು ಮರದ ಗುರುತು ಸಿಕ್ಕುವುದು ಈಗಲೇ. ಮೊಸಳೆ ಚರ್ಮದಂತೆ ಚೌಕ ಚೌಕವಾಗಿ ಒಡೆದ ಕಪ್ಪು ತೊಗಟೆಯದು ಮತ್ತಿ. ಬೇಸಿಗೆಗೆಂದು ಕೆಲವು ಮತ್ತಿಮರಗಳು ಕಾಂಡದಲ್ಲೇ ನೀರು ಕೂಡಿಟ್ಟಿರುತ್ತವೆ. ನುಣುಪು ತೊಗಟೆಯ ನಂದಿ, ಗಾಯವಾದರೆ ರಕ್ತದಂಥ ಅಂಟು ಸುರಿಸುವ ಹೊನ್ನೆ, ಅಲ್ಲಲ್ಲಿ ಕಿಂದಲ, ದಿಂಡಲ, ತಾರೆ, ಅಪರೂಪಕ್ಕೊಂದು ಬೀಟೆ. ಫೆಬ್ರುವರಿಯಲ್ಲಿ ಮುತ್ತುಗ ಹೂ ಬಿಟ್ಟರೆ ಎಲೆಯೇ ಇಲ್ಲದ ಟೊಂಗೆಗಳ ಮೇಲೆ ಕೇಸರಿ. ಬೂರುಗದ ಕೆಂಪು ಹೂ ನೆಲಕ್ಕೆ ಬಿದ್ದಲ್ಲಿ ಜಿಂಕೆಗಳು ಬರುತ್ತವೆ.

ಇದೇ ಹೊತ್ತಿಗೆ ಅರಣ್ಯ ಇಲಾಖೆಯವರು ಬೆಂಕಿರೇಖೆ ತೆಗೆದಿರುತ್ತಾರೆ. ಎಲೆ ಗುಡಿಸಿ, ಪೊದೆ ಸವರಿ, ಕಾಡಿನ ನಡುವೆ ಅಗಲಕ್ಕೆ ಬಿಟ್ಟ ಬರಿನೆಲದ ಪಟ್ಟಿ ಅದು. ಓಟಗಾರನ ಕಣ್ಣಿಗೆ ಅದು ತನಗೆಂದೇ ಮಾಡಿದ ಟ್ರ್ಯಾಕ್. ಆದರೆ ಅದು ಇರುವುದು ಒಂದು ಕಡೆ ಹತ್ತಿದ ಬೆಂಕಿ ಇನ್ನೊಂದು ಕಡೆಗೆ ದಾಟದಿರಲೆಂದು. ಮುಳ್ಳಿಲ್ಲದ ದಾರಿ ಕಂಡರೆ ಪ್ರಾಣಿಗಳೂ ಅದನ್ನೇ ಹಿಡಿಯುತ್ತವೆ. ಬೆಳಿಗ್ಗೆ ಅಲ್ಲಿ ಜಿಂಕೆ ಗೊರಸು, ಕಾಡುಹಂದಿ ಅಗೆದ ಗುಂಡಿ, ಒಮ್ಮೊಮ್ಮೆ ಚಿರತೆಯ ಹೆಜ್ಜೆ. ಹುತ್ತ ಒಡೆದು ಗೆದ್ದಲು ಹೀರಿದ ಗುರುತಿದ್ದರೆ ಕರಡಿ ಆ ರಾತ್ರಿ ಅಲ್ಲಿತ್ತು ಎಂದೇ ಅರ್ಥ.

ಮೊದಲ ಮಳೆ ಬಿದ್ದ ಮೇಲೆ ಕಾಡು ಬೇರೆಯೇ. ಸಾಗವಾನಿಯ ಎಳೆ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಕೈ ಕೆಂಪಾಗುತ್ತದೆ. ಶಿರಸಿಯ ಕಡೆ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಅಕ್ಕಿಆಲೂರಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಆ ಸೊರಗುವ ಪಟ್ಟಿಯಲ್ಲೇ ಈ ಕಾಡು ನಿಂತಿದೆ. ಆಷಾಢದಲ್ಲಿ ಸಾಗವಾನಿ ನೆತ್ತಿಯ ಮೇಲೆ ಬೆಳ್ಳನೆ ಹೂಗೊಂಚಲು ಹೊರುತ್ತದೆ. ದಾರಿಗೆ ಬಾಗಿದ ಟೊಂಗೆಯಲ್ಲಿ ಎಲೆ ಹೊಲಿದು ಕಟ್ಟಿದ ಕೆಂಜಿಗದ ಗೂಡು. ತಲೆ ತಾಗಿತೋ, ಅಂದಿನ ಓಟ ಅಲ್ಲಿಗೆ ಮುಗಿಯಿತು. ಹಸಿರು ಎಷ್ಟು ಒತ್ತಾಗಿರುತ್ತದೆಂದರೆ ತಿರುವಿನಾಚೆ ಏನಿದೆಯೆಂದು ಕಾಣದು. ಕಣ್ಣಿಗೆ ಇದಕ್ಕಿಂತ ಚೆಂದದ ಕಾಲವಿಲ್ಲ, ಓಟಕ್ಕೆ ಇದಕ್ಕಿಂತ ಅಪಾಯದ ಕಾಲವೂ ಇಲ್ಲ. ಮಳೆ ತೀರಿ ಗದ್ದೆ ಬಲಿಯುವ ಹೊತ್ತಿಗೆ ದಾಂಡೇಲಿ ಕಡೆಯಿಂದ ಆನೆಗಳು ಯಲ್ಲಾಪುರ, ಮುಂಡಗೋಡದ ಕಾಡು ಹಿಡಿದು ಬರುತ್ತವೆ. ಭತ್ತ ಕಾಯುವ ರೈತ ಆ ದಿನಗಳಲ್ಲಿ ಮಾಳದಿಂದ ಕೆಳಗಿಳಿಯಲೂ ಯೋಚಿಸುತ್ತಾನೆ.

ಇದೇ ಕಾಡುಸೀಮೆಯ ಮುಂಡಗೋಡ, ಯಲ್ಲಾಪುರ, ಹಳಿಯಾಳದಲ್ಲಿ ಸಿದ್ದಿ ಜನ ಇದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ಪಳಗಿಸತೊಡಗಿತು. ಹಲವರು ರಾಷ್ಟ್ರಮಟ್ಟಕ್ಕೆ ಏರಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಓಡುತ್ತಿದ್ದವರು ಕೂಲಿಗೆ ಮರಳಿದರು. ಕಾಡಿನ ಮಕ್ಕಳ ಕಾಲಲ್ಲಿ ಬಲವಿತ್ತು. ಬೇಕಾಗಿದ್ದದ್ದು ಮೈದಾನ, ಊಟ, ಮುಂದಿನ ದಾರಿ. ಆ ಮಾತು ಇಂದಿನ ಹಾನಗಲ್ಲ ತಾಲೂಕಿನ ಹುಡುಗರಿಗೂ ಅಷ್ಟೇ ಸಲ್ಲುತ್ತದೆ.

ಹುಡುಗರು ಡಾಂಬರು ಬಿಟ್ಟು ಒಳದಾರಿಗೆ ಇಳಿಯುವುದನ್ನು ಕಂಡರೆ ಕಾಡಿನ ವಾಚರ್ ಕೂಗಿ ನಿಲ್ಲಿಸುತ್ತಾನೆ. “ತಮ್ಮಾ, ಒಳಗ ಹೋಗಬ್ಯಾಡ್ರಿ. ನೀವು ಓಡು ಹೊತ್ತೂ, ಕರಡಿ ಮೇದು ಮರಳು ಹೊತ್ತೂ ಒಂದ ಐತಿ.” ಅವನ ಮಾತಿನ ಬೆನ್ನಿಗೆ ಕಾನೂನೂ ಇದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ನುಗ್ಗುವುದನ್ನು ಅಪರಾಧವೆನ್ನುತ್ತದೆ. ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಆದರೆ ನನಗೆ ಕಾನೂನಿಗಿಂತ ಅವನ ಮಾತೇ ದೊಡ್ಡದು. ಕರಡಿಗೆ ಕಣ್ಣು ಮಂದ. ಎದುರಿಗೆ ತಟ್ಟನೆ ಬಂದ ಮನುಷ್ಯನ ಮೇಲೆ ಅದು ಹೆದರಿಯೇ ಬೀಳುತ್ತದೆ. ಓಡುವ ಜೀವವನ್ನು ಬೆನ್ನಟ್ಟುವುದು ಚಿರತೆಯ ಹುಟ್ಟುಗುಣ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ನಿಲ್ಲಿಸಿದ್ದೂ ಆ ಹೊತ್ತು ಕಾಡಿನ ಜೀವಗಳದ್ದೆಂದು ಒಪ್ಪಿಕೊಂಡೇ. ಇಲ್ಲಿ ಅಂಥ ಗೇಟಿಲ್ಲ. ನಾವೇ ನಮಗೆ ಗೇಟು ಹಾಕಿಕೊಳ್ಳಬೇಕು.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಒಣ ಎಲೆಯಡಿ ಇದೆ: ಉಣುಗು. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತು ಸಿಕ್ಕ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಡಿಸೆಂಬರಿನಿಂದ ಮೇವರೆಗೆ ಎಳ್ಳಿನಷ್ಟೂ ಇಲ್ಲದ ಮರಿ ಉಣುಗುಗಳು ಹುಲ್ಲು, ತರಗೆಲೆಗಳಿಂದ ಕಾಲಿಗೆ ಹತ್ತುತ್ತವೆ. ಕಾಡು ಓಡಲು ಅತಿ ಚೆಂದವೆನಿಸುವ, ದೂರದವರೆಗೆ ಕಣ್ಣು ಹಾಯುವ ತಿಂಗಳುಗಳೂ ಇವೇ. ತರಗೆಲೆಯ ಮೇಲೆ ಕೂತು ದಣಿವಾರಿಸಿಕೊಳ್ಳುವುದನ್ನು, ಹುಲ್ಲಲ್ಲಿ ಅಂಗಿ ಬಿಚ್ಚಿಡುವುದನ್ನು ಬಿಡಬೇಕು. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಓಡುವ ಹುಡುಗ ಹುಡುಗಿಯರಿಗೆ ನನ್ನ ಬಿನ್ನಹ ಇಷ್ಟೇ: ನಸುಕಿನ ಓಟಕ್ಕೆ ಕೆರೆ ಏರಿ, ಕಾಲುವೆ ದಂಡೆ ಇರಲಿ. ಬೆಳಕು ಚೆನ್ನಾಗಿ ಹರಿದ ಮೇಲೆ, ಇಬ್ಬರು ಮೂವರು ಜೊತೆಗೂಡಿ, ಕಿವಿ ತೆರೆದಿಟ್ಟು ಕಾಡಿನ ಅಂಚಿನ ರಸ್ತೆಯಲ್ಲಿ ಓಡಿ. ಒಳದಾರಿ ಬೇಕೆನಿಸಿದರೆ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ. ಬೀಡಿ, ಬೆಂಕಿಪೊಟ್ಟಣ, ಪ್ಲಾಸ್ಟಿಕ್ ಬಾಟಲಿ ಮನೆಯಲ್ಲೇ ಇರಲಿ. ಇನ್ನು ಊರಿನ ಹಿರಿಯರಲ್ಲಿ, ಪಂಚಾಯಿತಿಯವರಲ್ಲಿ ಒಂದು ಮಾತು: ಹೋಬಳಿಗೊಂದು 400 ಮೀಟರಿನ ಮಣ್ಣಿನ ಟ್ರ್ಯಾಕ್ ಮಾಡಿಸಿಕೊಡಿ.