ಮದರಾಸು ಶಾಸನಸಭೆಯ ವರ್ತಕ ಸ್ಥಾನಗಳು ಮತ್ತು ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳು

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಮದರಾಸಿನ ಶಾಸನಸಭೆಯಲ್ಲಿ ವ್ಯಾಪಾರಕ್ಕೆಂದೇ ಕೆಲವು ಸ್ಥಾನಗಳು ಮೀಸಲಾಗಿದ್ದುವು. ಅವುಗಳಲ್ಲಿ ಈ ಸೀಮೆಯ ವರ್ತಕರ ಪಾಲೆಷ್ಟು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮದರಾಸು ಚೇಂಬರ್ ಆಫ್ ಕಾಮರ್ಸ್ 1836ರಲ್ಲಿ ಐರೋಪ್ಯ ವರ್ತಕರಿಂದ ಸ್ಥಾಪಿತವಾಯಿತು. 1892ರ ಶಾಸನದಲ್ಲಿ ‘ಚುನಾವಣೆ’ ಎಂಬ ಮಾತೇ ಇಲ್ಲ. ಆದರೂ ಅದರ ಮೇರೆಗೆ ಮಾಡಿದ ನಿಯಮಗಳು ಚೇಂಬರಿಗೆ ಒಬ್ಬ ಸದಸ್ಯನನ್ನು ಶಿಫಾರಸು ಮಾಡುವ ಅಧಿಕಾರವನ್ನಿತ್ತುವು. ಸರಕಾರವು ಜನರ ತಲೆಯೆಣಿಕೆಯನ್ನು ಒಪ್ಪದೆ ‘ಹಿತಾಸಕ್ತಿ’ಗಳಿಗೆ ಪ್ರಾತಿನಿಧ್ಯ ಕೊಡಬಯಸಿತು, ಬಂದರು, ಸುಂಕ, ರೈಲುಬಾಡಿಗೆಗಳ ವಿಷಯದಲ್ಲಿ ಸಂಘಟಿತವಾಗಿ ಮಾತನಾಡಬಲ್ಲ ಸಂಸ್ಥೆಯು ಆಗಲೇ ಸಿದ್ಧವಾಗಿತ್ತು. ಹಿತಾಸಕ್ತಿಯೆಂದರೆ ದಾಖಲೆಯುಳ್ಳ ಸಂಘ ಎಂದಾಯಿತು. ಮುಂದಿನದೆಲ್ಲ ಇದರ ವಿಸ್ತರಣವೇ ಎಂದು ನಮಗೆ ತೋರುತ್ತದೆ.

1909ರ ಸುಧಾರಣೆಗಳಲ್ಲಿ ಚೇಂಬರಿನೊಡನೆ ಮದರಾಸು ಟ್ರೇಡ್ಸ್ ಅಸೋಸಿಯೇಷನ್ನಿಗೂ ತೋಟಗಾರ ಧಣಿಗಳಿಗೂ ಸ್ಥಾನಗಳು ದೊರೆತುವು. ಅದೇ ವರ್ಷ ಭಾರತೀಯ ವರ್ತಕರು ಸದರ್ನ್ ಇಂಡಿಯಾ ಚೇಂಬರ್ ಆಫ್ ಕಾಮರ್ಸನ್ನು ಸ್ಥಾಪಿಸಿದರು, ಪಿ. ತ್ಯಾಗರಾಯ ಚೆಟ್ಟಿಯವರು ಅದರ ಮೊದಲ ಅಧ್ಯಕ್ಷರು. 1919ರ ಶಾಸನದ ಸಭೆಯಲ್ಲಿದ್ದ 98 ಚುನಾಯಿತ ಸ್ಥಾನಗಳಲ್ಲಿ 6 ವಾಣಿಜ್ಯ ಮತ್ತು ತೋಟಗಾರಿಕೆಗೆ ಸಂದುವು. ಈ ಆರರಲ್ಲಿ ಭಾರತೀಯರ ಸಂಘಗಳಿಗೆ ಸಿಕ್ಕಿದ್ದು ಎರಡೇ: ಒಂದು ಸದರ್ನ್ ಇಂಡಿಯಾ ಚೇಂಬರಿಗೆ, ಇನ್ನೊಂದು ನಾಟುಕೋಟೆ ನಗರತ್ತಾರರ ಸಂಘಕ್ಕೆ. 1935ರ ಶಾಸನವು ವಿಧಾನಸಭೆಯನ್ನು 215 ಸ್ಥಾನಗಳಿಗೆ ಹಿಗ್ಗಿಸಿತು. ವಾಣಿಜ್ಯ ವರ್ಗದ ಪಾಲು ಮಾತ್ರ ಆರರಲ್ಲಿಯೇ ನಿಂತಿತು.

ಈಗ ಕೊಟ್ಟೂರಿಗೆ ಬರೋಣ. 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ರೈಲುದಾರಿ ಬಂದಿತು. ಎರೆಭೂಮಿಯ ಹತ್ತಿಗೆ ದೂರದ ಪೇಟೆ ಹತ್ತಿರವಾಯಿತು. ಹೀಗೆ ರೈಲುಬಾಡಿಗೆಯ ಪ್ರಶ್ನೆ ಇಲ್ಲಿನ ಮಂಡಿಗೂ ಜೀವನದ ಪ್ರಶ್ನೆಯೇ ಆಯಿತು. ಆದರೆ ವಾಣಿಜ್ಯ ಸ್ಥಾನಕ್ಕೆ ಮತ ಕೊಡುವ ಅರ್ಹತೆ ವ್ಯಾಪಾರದಿಂದ ಬರುತ್ತಿರಲಿಲ್ಲ. ಗೊತ್ತಾದ ಸಂಘದ ಸದಸ್ಯತ್ವದಿಂದ ಬರುತ್ತಿತ್ತು. ಹರಪನಹಳ್ಳಿಯ ಸಾಹುಕಾರನು ಕಂದಾಯವನ್ನೋ ವರಮಾನ ತೆರಿಗೆಯನ್ನೋ ಕಟ್ಟಿ ಸಾಮಾನ್ಯ ಕ್ಷೇತ್ರದ ಮತದಾರನಾಗಬಹುದಾಗಿತ್ತು, ಅಷ್ಟೆ. ಮದರಾಸಿನ ಚೇಂಬರ್ ಸದಸ್ಯನಿಗಾದರೋ ಸಾಮಾನ್ಯ ಕ್ಷೇತ್ರದಲ್ಲೊಂದು, ವಾಣಿಜ್ಯ ಕ್ಷೇತ್ರದಲ್ಲೊಂದು ಮತವಿರುವುದು ಸಾಧ್ಯವಿತ್ತು.

ಗಡಿಯಾಚೆ, ಜಗಳೂರು ಮೊಳಕಾಲ್ಮೂರುಗಳ ಕಡೆ, ಕ್ರಮವೇ ಬೇರೆ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಜಿಲ್ಲೆಗಳಿಂದ ರೈತರೊಡನೆ ವರ್ತಕರನ್ನೂ ಕರೆಸಿದರು. ಮೊದಲ ಅಧಿವೇಶನಕ್ಕೆ 144 ಮಂದಿ ಬಂದಿದ್ದರು. ಆ ಸಭೆಗೆ ಶಾಸನಾಧಿಕಾರವಿರಲಿಲ್ಲವೆಂಬುದನ್ನು ಮರೆಯಲಾಗದು. ಆದರೂ ಊರಿನ ಅಂಗಡಿಕಾರನು ವರ್ತಕನೆಂಬ ಹೆಸರಿನಲ್ಲಿಯೇ ಅಲ್ಲಿ ಹೋಗಿ ನಿಲ್ಲಬಹುದಾಗಿತ್ತು. ಮದರಾಸಿನಲ್ಲಿ ಅಧಿಕಾರ ಹೆಚ್ಚು, ಬಾಗಿಲು ಕಿರಿದು.

1950ರ ಸಂವಿಧಾನದಲ್ಲಿ ವಾಣಿಜ್ಯ ಸಂಘಗಳಿಗೆ ಕ್ಷೇತ್ರಗಳಿಲ್ಲ. ವಿಧಾನಪರಿಷತ್ತುಗಳಲ್ಲಿ ಪದವೀಧರರಿಗೂ ಅಧ್ಯಾಪಕರಿಗೂ ಸ್ಥಳೀಯ ಸಂಸ್ಥೆಗಳಿಗೂ ಸ್ಥಾನಗಳುಂಟು, ಚೇಂಬರುಗಳಿಗಿಲ್ಲ. 1952ರ ಚುನಾವಣೆಯಲ್ಲಿ ಕೊಟ್ಟೂರಿನ ಮಂಡಿಯ ಧಣಿಗೂ ಅಲ್ಲಿ ಮೂಟೆ ಹೊರುವ ಹಮಾಲನಿಗೂ ಮತದ ಹಕ್ಕು ಸಮನಾಗಿತ್ತು. ಮದರಾಸಿನ ಚೇಂಬರ್ ಸದಸ್ಯನಿಗೂ ಅಷ್ಟೆ.